ತೀರದ ಮುಯ್ಯಿ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ಆದರೆ ಹಾಸಿಗೆ ಸಾಲದೆ ಹೋದಾಗ ಅದಕ್ಕೆ ಮತ್ತೊಂದು ತುಂಡು ಹಚ್ಚಿ ಬೆಳೆಸಿದವರು ನಮ್ಮ ಮನೆಯ ಹೆಣ್ಣುಮಕ್ಕಳು. ಆ ವಿದ್ಯೆಯ ಫಲವೇ ಕೌದಿ. ನೆರೆಯ ಮರಾಠಿಗರು ಅದನ್ನು ಗೋಧಡಿ ಎನ್ನುವರು. ತೆಲುಗರು ಬೊಂತ ಎನ್ನುವರು. ಹೆಸರು ಬೇರೆಯಾದರೂ ಒಡಲು ಒಂದೇ: ಉಟ್ಟು ಹಳೆಯದಾದ ಸೀರೆ, ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ.

ಕೌದಿಯನ್ನು ಒಬ್ಬಳೇ ಹೊಲಿಯಲಾರಳೆಂದಲ್ಲ. ಆದರೆ ಹಲವು ಪದರುಗಳನ್ನು ಸುಕ್ಕಿಲ್ಲದಂತೆ ಹಾಸಿ, ಅಂಚಿನಿಂದ ಆರಂಭಿಸಿ ಸಾಲಿನೊಳಗೊಂದು ಸಾಲಾಗಿ ನಡುವಿನವರೆಗೆ ಸೂಜಿ ನಡೆಸುವುದು ದೀರ್ಘ ಶ್ರಮದ ಕೆಲಸ. ಒಬ್ಬಳು ಎಳೆದರೆ ಇನ್ನೊಬ್ಬಳು ಹಿಡಿಯಬೇಕು. ಆದುದರಿಂದ ಇದು ಮುಯ್ಯಿಗೆ ಒಗ್ಗಿದ ಕೆಲಸ: ಇಂದು ನಿನ್ನ ಮನೆಯದು, ನಾಳೆ ನನ್ನ ಮನೆಯದು.

ಅಕ್ಕಲಕೋಟೆ ತಾಲೂಕಿನ ಹಳ್ಳಿಯೊಂದರಲ್ಲಿ ಇಂತಹ ಮುಯ್ಯಿಯನ್ನು 40 ವರ್ಷಗಳಿಂದ ನಡೆಸಿಕೊಂಡು ಬಂದ ಇಬ್ಬರು ಗೆಳತಿಯರನ್ನು ನಾವು ಬಲ್ಲೆವು. ಒಬ್ಬರ ಮನೆಮಾತು ಕನ್ನಡ, ಇನ್ನೊಬ್ಬರದು ಮರಾಠಿ. ಒಂದೇ ಓಣಿಗೆ ಸೊಸೆಯರಾಗಿ ಬಂದು, ನೀರಿನ ಸರದಿಯಲ್ಲಿ ಗುರುತಾಗಿ, ಚೊಚ್ಚಲ ಬಾಣಂತನದ ಹೊತ್ತಿಗೆ ಆಪ್ತರಾದವರು. ಕೂಸಿಗೆ ಹಾಸಲೆಂದು ಹಿಡಿದ ಸೂಜಿಯನ್ನು ಇಬ್ಬರೂ ಮತ್ತೆ ಕೆಳಗಿಡಲಿಲ್ಲ. ಇಂಡಿಯ ತವರಿನಿಂದ ಬಂದ ಇಳಕಲ್ ಸೀರೆಯ ಸೆರಗೂ ಸೊಲ್ಲಾಪುರದ ಗಿರಣಿಯ ಬಟ್ಟೆಯೂ ಅವರ ಕೌದಿಯಲ್ಲಿ ಅಕ್ಕಪಕ್ಕ ಕುಳಿತಿವೆ. 1956ರಲ್ಲಿ ಬಿದ್ದ ರಾಜ್ಯದ ಗೆರೆ ಅಲ್ಲಿ ಕಾಣದು. ಕನ್ನಡದವರದು ಸಾಸಿವೆಯಂಥ ಕಿರಿಯ ಹೊಲಿಗೆ, ಮರಾಠಿಯವರದು ಜೋಳದ ಕಾಳಿನಷ್ಟು ಉದ್ದ. ಯಾವ ಸಾಲು ಯಾರದೆಂದು ಓಣಿಯವರೆಲ್ಲ ಹೇಳಬಲ್ಲವರಾಗಿದ್ದರು.

ಎದುರುಬದುರು ಕುಳಿತರೂ ಕಣ್ಣು ಬಟ್ಟೆಯ ಮೇಲೆಯೇ ಇರುವುದರಿಂದ, ಮುಖ ನೋಡಿ ಆಡಲಾಗದ ಮಾತುಗಳು ಆಗ ಸಲೀಸಾಗಿ ಬರುತ್ತವೆ. ಆದರೂ ಒಮ್ಮೆ ಮಾತೇ ನಿಂತಿತು. ಮದುವೆಯ ಖರ್ಚಿಗೆ ಕೊಟ್ಟ ಕೈಗಡದ ವಿಷಯದಲ್ಲಿ ಜಗಳವಾಗಿ, ಅರ್ಧ ಹೊಲಿದ ಕೌದಿ ಸುರುಳಿಯಾಗಿ ಅಟ್ಟ ಸೇರಿತು. ಹಣ ಹಿಂದಿರುಗಿತು, ಮಾತು ಹಿಂದಿರುಗಲಿಲ್ಲ. ಎರಡು ಬೇಸಗೆಗಳು ಹಾಗೆಯೇ ಕಳೆದವು. ಮೂರನೆಯ ಬೇಸಗೆಯಲ್ಲಿ ಕನ್ನಡದವರು ಆ ಸುರುಳಿಯನ್ನು ಹೊತ್ತೊಯ್ದು, ಗೆಳತಿಯ ಪಡಸಾಲೆಯಲ್ಲಿ ಬಿಡಿಸಿ, ತಮ್ಮ ಬದಿಗೆ ಕುಳಿತು ಹೊಲಿಯತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಎದುರಿನ ಅಂಚಿನಲ್ಲಿಯೂ ಸೂಜಿ ಆಡಿತು. ಕ್ಷಮೆಯ ಮಾತನ್ನು ಇಂದಿಗೂ ಇಬ್ಬರೂ ಆಡಿಲ್ಲ. ಆ ಕೌದಿಯಲ್ಲಿ ಒಂದೆಡೆ ದಾರದ ಬಣ್ಣ ಬದಲಾಗಿದೆ. ಕೇಳಿದವರಿಗೆ, ಹಳೆಯ ದಾರ ಮುಗಿದಿತ್ತು ಎನ್ನುತ್ತಾರೆ.

ಕೌದಿಯನ್ನು ಬರಿದಾಗಿ ಮುಗಿಸಬಾರದೆಂಬ ಭಾವ ಹಲವೆಡೆ ಉಂಟು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಮಹಿಳೆಯರು ಮೂಲೆಗಳಿಗೆ ಮಡಿಚಿದ ಬಟ್ಟೆಯ ‘ಫೂಲ’ ಹಚ್ಚದೆ ಕೌದಿ ಪೂರ್ಣವಾಯಿತೆನ್ನರು. ನಮ್ಮ ಗೆಳತಿಯರು ಕಡೆಯ ಮೂಲೆಯನ್ನು ಮುಚ್ಚುವ ಮುನ್ನ ಒಂದು ಚೂರು ರೊಟ್ಟಿಯನ್ನು ಒಳಗಿರಿಸುತ್ತಾರೆ, ಕೌದಿ ಹಸಿದಿರಬಾರದಂತೆ.

ಸೊಲ್ಲಾಪುರದ ಚಾದರ ಅಗ್ಗವಾಗಿ ದೊರೆಯುವಾಗ ಈ ಶ್ರಮವೇಕೆಂದು ಅವರ ಮಕ್ಕಳು ಕೇಳುವುದುಂಟು. ಚಾದರ ಬೆಚ್ಚಗಿರುತ್ತದೆ, ನಿಜ. ಆದರೆ ಅದರಲ್ಲಿ ಅತ್ತೆಯ ಸೀರೆಯಿಲ್ಲ, ಗೆಳತಿಯ ಮಗನ ಅಂಗಿಯಿಲ್ಲ.

ಈಗ ಕನ್ನಡದವರ ಕಣ್ಣಿಗೆ ಪೊರೆ ಬಂದಿದೆ. ಗೆಳತಿ ಬೆಳಗ್ಗೆ ಬಂದು ಹತ್ತು ಸೂಜಿಗಳಿಗೆ ದಾರ ಪೋಣಿಸಿ, ಅವರ ಬದಿಯ ಅಂಚಿನಲ್ಲಿ ಸಾಲಾಗಿ ಚುಚ್ಚಿಡುತ್ತಾರೆ. ಸಾಸಿವೆಯಂಥ ಹೊಲಿಗೆ ಜೋಳದ ಕಾಳಾಗಿದೆ. ಯಾವ ಸಾಲು ಯಾರದೆಂದು ಹೇಳುವುದು ಈಗ ಕಷ್ಟ.

ಇಷ್ಟು ವರ್ಷಗಳ ಮುಯ್ಯಿಯಲ್ಲಿ ಯಾರು ಯಾರಿಗೆ ಬಾಕಿ ಎಂದು ನಾವು ಕೇಳಿದೆವು. ತಾನೇ ಒಂದು ಕೌದಿ ಬಾಕಿಯೆಂದು ಇಬ್ಬರೂ ಒಟ್ಟಿಗೇ ಹೇಳಿದರು.

ಓದುಗ ಸೋದರಿಯರೇ, ನಿಮ್ಮ ಟ್ರಂಕಿನ ತಳದಲ್ಲಿರುವ ಕೌದಿಯನ್ನು ಒಮ್ಮೆ ಬಿಡಿಸಿ ನೋಡಿರಿ. ಅವ್ವನದಲ್ಲದ ಹೊಲಿಗೆಯೊಂದು ಅದರಲ್ಲಿ ಕಂಡರೆ ಆ ಕೈ ಯಾರದೆಂದು, ಹೇಳಬಲ್ಲವರು ಇರುವಾಗಲೇ ಕೇಳಿಕೊಳ್ಳಿರಿ.