ಸೃಷ್ಟಿಯ ಸುದ್ದಿ ಮತ್ತು ಒಬ್ಬ ಪಾದ್ರಿ

ವಿಜ್ಞಾನದ ದೊಡ್ಡ ವಾರ್ತೆಯೊಂದು ಪತ್ರಿಕೆಯಲ್ಲಿ ಬಂದಿತೆಂದರೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಉತ್ಸಾಹ ತಲೆದೋರುವುದುಂಟು. “ಇದನ್ನೆಲ್ಲ ನಮ್ಮ ಹಿರಿಯರು ಎಂದೋ ಹೇಳಿಬಿಟ್ಟಿದ್ದಾರೆ” ಎಂದು ಯಜಮಾನರು ಕಾಫಿಯ ಲೋಟವನ್ನು ಕೆಳಗಿಡುತ್ತಾರೆ. “ಇನ್ನು ದೇವರ ಕೋಣೆಗೆ ಬೀಗ ಹಾಕಬಹುದು” ಎಂದು ಕಾಲೇಜಿಗೆ ಹೋಗುವ ಮಗ ನಗುತ್ತಾನೆ. 2012ರಲ್ಲಿ ಹಿಗ್ಸ್ ಕಣ ದೊರೆಯಿತೆಂಬ ಸುದ್ದಿ ಬಂದಾಗ, ಪತ್ರಿಕೆಗಳು ಅದನ್ನು ‘ದೇವಕಣ’ವೆಂದು ಕರೆದು ಉಭಯ ಪಕ್ಷಗಳಿಗೂ ಬೇಕಾದಷ್ಟು ಮೇವನ್ನು ಒದಗಿಸಿದವು. ತಂದೆ ಮಗ ಇಬ್ಬರ ಮಾತೂ ಬೇರೆ. ತರ್ಕ ಮಾತ್ರ ಒಂದೇ. ವಿಜ್ಞಾನವೆಂದರೆ ದೇವರ ಪರವಾಗಿಯೋ ವಿರುದ್ಧವಾಗಿಯೋ ನುಡಿಯಲು ಬಂದ ಸಾಕ್ಷಿಯೆಂದು ಇಬ್ಬರೂ ಬಗೆದಿದ್ದಾರೆ.

ಹಾಗೆ ಬಗೆಯಲು ಉಳಿದೆಲ್ಲರಿಗಿಂತ ಹೆಚ್ಚಿನ ಅವಕಾಶವಿದ್ದೂ ಅದನ್ನು ಒಲ್ಲೆನೆಂದ ಕ್ರೈಸ್ತ ಪಾದ್ರಿಯೊಬ್ಬರಿದ್ದರು. ಅವರ ಹೆಸರು ಜಾರ್ಜ್ ಲಮೆತ್ರ್.

ಲಮೆತ್ರ್ 1894ರಲ್ಲಿ ಬೆಲ್ಜಿಯಂ ದೇಶದಲ್ಲಿ ಹುಟ್ಟಿದರು. ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿ ಸೇವೆ ಸಲ್ಲಿಸಿ, ಅನಂತರ ಗಣಿತವನ್ನೂ ದೇವಶಾಸ್ತ್ರವನ್ನೂ ಅಭ್ಯಾಸ ಮಾಡಿ, 1923ರಲ್ಲಿ ಗುರುದೀಕ್ಷೆಯನ್ನು ಪಡೆದರು. ಕೇಂಬ್ರಿಜ್‌ನಲ್ಲಿ ಎಡಿಂಗ್ಟನ್ನರ ಬಳಿ ಖಗೋಳಶಾಸ್ತ್ರವನ್ನು ಕಲಿತು, ಲೂವೇನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ವಿಶ್ವವು ಸ್ಥಿರವಾಗಿಲ್ಲ, ಹಿಗ್ಗುತ್ತಿದೆ, ದೂರದ ನಕ್ಷತ್ರಮಂಡಲಗಳು ನಮ್ಮಿಂದ ದೂರ ದೂರ ಸರಿಯುತ್ತಿರುವುದಕ್ಕೆ ಕಾರಣ ಅದೇ ಎಂದು 1927ರಲ್ಲಿ ಪ್ರತಿಪಾದಿಸಿದವರು ಅವರೇ. ಅದೇ ವರ್ಷ ಬ್ರಸೆಲ್ಸ್‌ನಲ್ಲಿ ಭೇಟಿಯಾದ ಐನ್‌ಸ್ಟೈನರು ಗಣಿತವನ್ನು ಮೆಚ್ಚಿ ಸಿದ್ಧಾಂತವನ್ನು ತಳ್ಳಿಹಾಕಿದರು. 1929ರಲ್ಲಿ ಅಮೆರಿಕದ ಹಬಲ್ ತಮ್ಮ ವೀಕ್ಷಣೆಯ ಅಂಕಿಗಳನ್ನು ಪ್ರಕಟಿಸಿದ ಮೇಲೆ ಜಗತ್ತು ಕಿವಿಗೊಟ್ಟಿತು. ಲಮೆತ್ರ್ ಮತ್ತೂ ಮುಂದೆ ಹೋದರು. ಹಿಗ್ಗುತ್ತಿರುವ ವಿಶ್ವವನ್ನು ಹಿಂದಕ್ಕೆ ಲೆಕ್ಕ ಹಾಕುತ್ತ ಹೋದರೆ ಒಂದು ಕಾಲದಲ್ಲಿ ಎಲ್ಲವೂ ಒಂದೇ ಕಡೆ ಕಿಕ್ಕಿರಿದಿದ್ದಿರಬೇಕು; ಆ ‘ಆದಿ ಪರಮಾಣು’ ಸಿಡಿದು ಈ ಲೋಕಗಳೆಲ್ಲ ಆದವು ಎಂದು 1931ರಲ್ಲಿ ಸೂಚಿಸಿದರು. ಇಂದು ‘ಮಹಾಸ್ಫೋಟ’ವೆಂದು ಶಾಲೆಯ ಮಕ್ಕಳೂ ಬಲ್ಲ ವಾದದ ಮೂಲವಿದು.

ಹೇಳಿದವರು ನಿಲುವಂಗಿ ತೊಟ್ಟ ಪಾದ್ರಿ; ಹೇಳಿದ್ದು ಜಗತ್ತಿಗೊಂದು ಆರಂಭವುಂಟೆಂದು. ಸಂಶಯಕ್ಕೆ ಇನ್ನೇನು ಬೇಕು? ಬೈಬಲಿನ ಸೃಷ್ಟಿಕಥೆಯನ್ನೇ ಇವರು ಸಮೀಕರಣಗಳ ಮುಸುಕು ಹೊದಿಸಿ ಒಳಗೆ ತರುತ್ತಿದ್ದಾರೆಂದು ಅನೇಕ ವಿದ್ವಾಂಸರು ಅನುಮಾನಿಸಿದರು.

ಹೀಗಿರುವಲ್ಲಿ 1951ರ ನವೆಂಬರಿನಲ್ಲಿ ಹನ್ನೆರಡನೆಯ ಪಯಸ್ ಪೋಪರು ತಮ್ಮ ವಿಜ್ಞಾನ ಅಕಾಡೆಮಿಯ ಮುಂದೆ ಭಾಷಣ ಮಾಡಿ, ಆಧುನಿಕ ಖಗೋಳವಿಜ್ಞಾನವು ಸೃಷ್ಟಿಕರ್ತನಿಗೆ ಸಾಕ್ಷಿ ನುಡಿಯುತ್ತಿದೆಯೆಂಬ ಧಾಟಿಯಲ್ಲಿ ಮಾತನಾಡಿದರು. ಸಾಮಾನ್ಯ ಪಾದ್ರಿಯಾಗಿದ್ದರೆ ಹಿರಿಹಿರಿ ಹಿಗ್ಗುತ್ತಿದ್ದರು. ಆ ಅಕಾಡೆಮಿಯ ಸದಸ್ಯರೇ ಆಗಿದ್ದ ಲಮೆತ್ರ್ ಕಳವಳಗೊಂಡರು. ಪೋಪರ ವಿಜ್ಞಾನ ಸಲಹೆಗಾರರನ್ನು ಕಂಡು ತಮ್ಮ ಆತಂಕವನ್ನು ತಿಳಿಸಿದರೆಂದು ಹೇಳುತ್ತಾರೆ. ಮರುವರ್ಷ ಸೆಪ್ಟೆಂಬರಿನಲ್ಲಿ ರೋಮಿನಲ್ಲಿ ನೆರೆದ ಖಗೋಳಜ್ಞರನ್ನು ಕುರಿತು ಮಾತನಾಡುವಾಗ ಪೋಪರು ಆ ವಾದವನ್ನು ಮತ್ತೆ ಎತ್ತಲಿಲ್ಲ.

ಈ ಸಂಕೋಚವೇಕೆ? ಅದೇ ರೋಮ್ ಸಮ್ಮೇಳನದಲ್ಲಿಯೇ ಉತ್ತರದ ಒಂದು ಪಾಲು ದೊರೆಯಿತು. ಹಬಲರ ಅಂಕಿಗಳಂತೆ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷಗಳಷ್ಟೇ ಆಗುತ್ತಿತ್ತು. ಭೂಮಿಯ ಬಂಡೆಗಳಾದರೋ ಅದಕ್ಕಿಂತ ಹಳೆಯವು! ಮಗಳಿಗಿಂತ ತಾಯಿ ಚಿಕ್ಕವಳೆಂಬ ಈ ವಿಪರೀತವನ್ನು ಸರಿಪಡಿಸುವ ಹಾದಿಯಲ್ಲಿ ವಾಲ್ಟರ್ ಬಾಡೆ ಎಂಬ ವಿಜ್ಞಾನಿ, ನಕ್ಷತ್ರಮಂಡಲಗಳ ದೂರವನ್ನು ಸುಮಾರು ಇಮ್ಮಡಿಗೊಳಿಸಬೇಕೆಂದು ಅಲ್ಲಿ ಸಾರಿದರು. ವಿಶ್ವದ ವಯಸ್ಸೂ ಇಮ್ಮಡಿಸಿತು. ಇಂದಿನ ಎಣಿಕೆ 1,380 ಕೋಟಿ ವರ್ಷ. ದಶಕಕ್ಕೊಮ್ಮೆ ತಿದ್ದಬೇಕಾಗುವ ಅಂಕಿಗೆ ಭಕ್ತಿಯನ್ನು ಕಟ್ಟಿಹಾಕಿದರೆ, ಅಂಕಿ ಕದಲಿದಾಗಲೆಲ್ಲ ಭಕ್ತಿಯೂ ಕದಲೀತು. ಇತ್ತ ವಿಜ್ಞಾನಕ್ಕೂ ಕೇಡು ತಪ್ಪಿದ್ದಲ್ಲ. ಸಿದ್ಧಾಂತವೊಂದು ಮಠದ ಸ್ವತ್ತಾಯಿತೆಂದರೆ ಅದನ್ನು ನಿರ್ಮಮವಾಗಿ ಒರೆಗೆ ಹಚ್ಚುವವರಾರು?

ಉತ್ತರದ ಇನ್ನೊಂದು ಪಾಲು ಅವರ ಧರ್ಮದಲ್ಲಿಯೇ ಇತ್ತು. ಕ್ರೈಸ್ತ ದೇವಶಾಸ್ತ್ರದಲ್ಲಿ ಸೃಷ್ಟಿಯೆಂದರೆ ಎಂದೋ ಒಂದು ದಿನ ನಡೆದು ಮುಗಿದ ಸ್ಫೋಟವಲ್ಲ. ಈ ಗಳಿಗೆಯಲ್ಲಿಯೂ ಜಗತ್ತು ದೇವರನ್ನು ಆಶ್ರಯಿಸಿ ನಿಂತಿದೆಯೆಂಬ ಅರಿವು. ನನ್ನಂಥ ಕನ್ನಡ ಮೇಷ್ಟರಿಗೆ ತಾಳೆಯೋಲೆಯ ದೃಷ್ಟಾಂತವೇ ಹೊಳೆಯುತ್ತದೆ: ಕಾವ್ಯದ ಮೊದಲ ಗರಿ ಸಿಕ್ಕಿದ ಮಾತ್ರಕ್ಕೆ ಕವಿ ಕೈಗೆ ಸಿಕ್ಕಿದಂತಾಗದು, ನಡುವಣ ಗರಿಯಲ್ಲಿಯೂ ಅವನಿರುವುದು ಅಷ್ಟೇ. ಲಮೆತ್ರ್ ತಮ್ಮ ದೇವರನ್ನು ಮರೆಯಲ್ಲಿರುವ ದೇವರೆಂದು ನಂಬಿದ್ದರು. ದೂರದರ್ಶಕಕ್ಕೆ ಸಿಕ್ಕಿಬೀಳುವ ದೇವರು ಅವರಿಗೆ ಬೇಕಿರಲಿಲ್ಲ. ವಿಶ್ವದ ಒಗಟಿಗೆ ಬಿಡುಗಡೆಯುಂಟೆಂಬ ಧೈರ್ಯವನ್ನು ಶ್ರದ್ಧೆ ಕೊಡುತ್ತದೆ, ಆದರೆ ಲೆಕ್ಕವನ್ನು ಮಾತ್ರ ನಾವೇ ಮಾಡಬೇಕು ಎಂಬುದು ಅವರ ನಿಲುವು.

ಇದು ಪಂಡಿತರಿಗಷ್ಟೇ ಸೇರಿದ ವಿವೇಕವೆಂದು ತಿಳಿಯಬೇಕಾಗಿಲ್ಲ. ಮಗುವಿಗೆ ಜ್ವರ ಬಂದರೆ ತಾಯಿ ಡಾಕ್ಟರು ಕೊಟ್ಟ ಔಷಧವನ್ನೂ ಕುಡಿಸುತ್ತಾಳೆ, ದೇವರಿಗೆ ಕೈಯನ್ನೂ ಮುಗಿಯುತ್ತಾಳೆ. ಜ್ವರ ಇಳಿದಾಗ ಯಾರಿಂದ ಇಳಿಯಿತೆಂದು ಅವಳು ಪಂಚಾಯಿತಿ ಕೂಡಿಸುವುದಿಲ್ಲ. ಔಷಧವನ್ನು ಕೊಡದೆ ಪ್ರಾರ್ಥನೆಯನ್ನಷ್ಟೇ ಮಾಡುತ್ತೇನೆಂದರೆ ಆಗ ಮಾತ್ರ ಅಪಾಯ.

ಆದಿಯ ಆ ಸ್ಫೋಟದ ಶಾಖದ ಶೇಷವು ಆಕಾಶದ ಎಲ್ಲೆಡೆ ಉಳಿದಿದೆಯೆಂಬ ವಾರ್ತೆ 1965ರಲ್ಲಿ ಪ್ರಕಟವಾಯಿತು. ಸಾವಿಗೆ ಸ್ವಲ್ಪ ಮುನ್ನ ಲಮೆತ್ರ್ ಆ ಸುದ್ದಿಯನ್ನು ಕೇಳಿದರು. 1966ರ ಜೂನ್ 20ರಂದು ತೀರಿಕೊಂಡರು. ವಿಶ್ವದ ಹಿಗ್ಗುವಿಕೆಯ ನಿಯಮಕ್ಕೆ ಹಬಲರೊಡನೆ ಅವರ ಹೆಸರನ್ನೂ ಸೇರಿಸಬೇಕೆಂದು ಅಂತರರಾಷ್ಟ್ರೀಯ ಖಗೋಳ ಸಂಘದ ಸದಸ್ಯರು 2018ರಲ್ಲಿ ಮತವಿತ್ತರು.

ಇನ್ನೊಮ್ಮೆ ಪತ್ರಿಕೆಯಲ್ಲಿ ಅಂಥ ಸುದ್ದಿ ಬಂದಾಗ ಯಜಮಾನರೂ ಮಗನೂ ಮೊದಲು ಅದನ್ನು ಕಡೆಯವರೆಗೆ ಓದಲಿ. ಏನು ಕಂಡರು, ಹೇಗೆ ಅಳೆದರು, ಎಷ್ಟು ಖಚಿತ ಎಂದು ಪರಸ್ಪರ ಕೇಳಲಿ. ದೇವರ ಕೋಣೆಯ ವಿಚಾರವನ್ನು ಆಮೇಲೆ ಬೇಕಾದರೆ ನೋಡಿಕೊಳ್ಳೋಣ.