ವಾರಾಹಿಗೆ ಲೆಕ್ಕ ಒಪ್ಪಿಸಿ

ಮಾಸ್ತಿಕಟ್ಟೆಯ ಕಾಡಿನಲ್ಲಿ ಕುಂಚಿಕಲ್ ಎಂಬ ಜಲಪಾತವಿದೆ. ಎತ್ತರ 455 ಮೀಟರ್ ಎನ್ನುತ್ತಾರೆ. ದೇಶದ ಅತಿ ಎತ್ತರದ ಜಲಪಾತಗಳ ಪಟ್ಟಿಗಳಲ್ಲಿ ಅದರ ಹೆಸರು ಮೇಲಿನ ಸಾಲಿನಲ್ಲೇ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ನೋಡಿಲ್ಲ. ಮಳೆಗಾಲ ಬಿಟ್ಟು ಬೇರೆ ಹೊತ್ತಿನಲ್ಲಿ ಹೋದರೆ ನೋಡಲಿಕ್ಕೆ ಸಿಗುವುದು ಬಂಡೆಯೇ ಹೆಚ್ಚು. ಅಲ್ಲಿ ಧುಮುಕಬೇಕಾದ ವಾರಾಹಿಯನ್ನು ಮಾಣಿ ಅಣೆಕಟ್ಟಿನಲ್ಲಿ ತಡೆದು, ಘಟ್ಟದೊಳಗಿನ ಸುರಂಗಕ್ಕೆ ತಿರುಗಿಸಿ, ಕುಂದಾಪುರ ತಾಲ್ಲೂಕಿನ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರಕ್ಕೆ ಇಳಿಸಿದ್ದೇವೆ. ಅಲ್ಲಿರುವುದು ತಲಾ 115 ಮೆಗಾವಾಟಿನ ನಾಲ್ಕು ಘಟಕ, ಒಟ್ಟು 460 ಮೆಗಾವಾಟ್. ಮೊದಲ ಎರಡು 1989-90ರಲ್ಲಿ ತಿರುಗಿದವು, ಉಳಿದೆರಡು 2009ರಲ್ಲಿ.

ಕರೆಂಟು ಬೇಗ ಘಟ್ಟ ಹತ್ತಿತು. ಅದೇ ನದಿಯ ನೀರು ನಮ್ಮ ಗದ್ದೆಗೆ ಬರಲು ಎಷ್ಟು ವರ್ಷ ಹಿಡಿಯಿತು? 1979ರಲ್ಲಿ ಮಂಜೂರಾದ ವಾರಾಹಿ ನೀರಾವರಿ ಯೋಜನೆಯ ಕಾಲುವೆಯಲ್ಲಿ ನೀರು ಹರಿಯಲು ಮೂರು ದಶಕಕ್ಕೂ ಹೆಚ್ಚು ಕಾಯಬೇಕಾಯಿತು. ಕಾಲುವೆ ಬರುತ್ತದೆ, ಕಬ್ಬು ಬೆಳೆಯುತ್ತದೆ ಎಂದು ನಂಬಿ ಬ್ರಹ್ಮಾವರದಲ್ಲಿ ಸಕ್ಕರೆ ಕಾರ್ಖಾನೆ ಕಟ್ಟಿದರು. ನೀರು ಬರುವ ಮೊದಲೇ ಅದಕ್ಕೆ ಬೀಗ ಬಿತ್ತು.

ಇಷ್ಟು ಕೊಟ್ಟು ಪಡೆದ ಕರೆಂಟು ಇವತ್ತು ಎಲ್ಲಿ, ಹೇಗೆ ಉರಿದುಹೋಗುತ್ತಿದೆ ಎಂದು ಕೇಳುವ ಹಕ್ಕು ನಮಗಿದೆ. ಗ್ರಿಡ್ಡಿಗೆ ಸೇರಿದ ಮೇಲೆ ಇಂಥ ಯೂನಿಟ್ಟು ಇಂಥ ಕಟ್ಟಡಕ್ಕೆ ಹೋಯಿತೆಂದು ಬೊಟ್ಟು ಮಾಡಿ ತೋರಿಸಲಿಕ್ಕಾಗದು, ಒಪ್ಪಿದೆ. ಆದರೆ ಹಗಲು ರಾತ್ರಿ, ಹಬ್ಬ ಹರಿದಿನ ಎನ್ನದೆ ಒಂದು ಕ್ಷಣವೂ ಬಿಡದೆ ಕರೆಂಟು ಬೇಡುವ ಕಟ್ಟಡಗಳು ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಎದ್ದಿವೆ, ಇನ್ನೂ ಏಳುತ್ತಿವೆ. ಅವೇ ಡೇಟಾ ಸೆಂಟರ್‌ಗಳು. ಗಂಗೊಳ್ಳಿಯಲ್ಲಿ ಬಂಗುಡೆ ಕೊಂಡು ಕ್ಯೂಆರ್ ಕೋಡಿಗೆ ಮೊಬೈಲು ಹಿಡಿದರೆ, ಕೊಲ್ಲೂರಿನ ಸೇವೆಗೆ ಮನೆಯಲ್ಲೇ ಕುಳಿತು ಹೆಸರು ಬರೆಸಿದರೆ, ಪಹಣಿ ತೆಗೆದರೆ, ಎಲ್ಲೋ ಒಂದು ತಣ್ಣಗಿನ ಕೋಣೆಯಲ್ಲಿ ಒಂದು ಯಂತ್ರ ಕೆಲಸ ಮಾಡುತ್ತದೆ. ಅದು ಬೇಡ ಎನ್ನುವ ಮೂರ್ಖತನ ನನಗಿಲ್ಲ. ಕೆಲಸ ಮಾಡುವ ಯಂತ್ರಕ್ಕೆ ಕರೆಂಟು ಕೊಡೋಣ. ನನ್ನ ತಕರಾರು ಕೆಲಸಕ್ಕೆ ಹೋಗದ ಕರೆಂಟಿನ ಬಗ್ಗೆ.

ಸರ್ವರ್ ತಿನ್ನುವ ಕರೆಂಟೆಲ್ಲ ಕೊನೆಗೆ ಶಾಖವಾಗಿ ಹೊರಬರುತ್ತದೆ. ಆ ಶಾಖವನ್ನು ಹೊರಹಾಕಲು ಮತ್ತೆ ಕರೆಂಟು ಬೇಕು. ಯುಪಿಎಸ್‌ನಲ್ಲಿ, ಟ್ರಾನ್ಸ್‌ಫಾರ್ಮರ್‌ನಲ್ಲಿ ಸೋರಿಹೋಗುವುದು ಬೇರೆ. ಕಟ್ಟಡಕ್ಕೆ ಬಂದ ಒಟ್ಟು ಕರೆಂಟನ್ನು ಸರ್ವರ್‌ಗಳಿಗೆ ಮುಟ್ಟಿದ ಕರೆಂಟಿನಿಂದ ಭಾಗಿಸಿದರೆ ಸಿಗುವ ಅಂಕಿಗೆ ಈ ಉದ್ಯಮದಲ್ಲಿ ಪಿಯುಇ ಎನ್ನುತ್ತಾರೆ. ಏನೂ ಪೋಲಾಗದಿದ್ದರೆ ಅದು 1. ಜಗತ್ತಿನ ಡೇಟಾ ಸೆಂಟರ್‌ಗಳನ್ನು ಸಮೀಕ್ಷೆ ಮಾಡುವ ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಈಚಿನ ವರ್ಷಗಳಲ್ಲಿ ಕಂಡ ಸರಾಸರಿ 1.5ರಿಂದ 1.6ರ ಒಳಗಿದೆ. ಗೂಗಲ್ ತನ್ನ ಕೇಂದ್ರಗಳ ಸರಾಸರಿ 1.1ರ ಆಸುಪಾಸು ಎಂದು ಪ್ರಕಟಿಸುತ್ತದೆ. ಎರಡೂ ಕಡೆ ನಡೆಯುವುದು ಅದೇ ಲೆಕ್ಕಾಚಾರದ ಕೆಲಸ.

ಈ ವ್ಯತ್ಯಾಸ ಹುಟ್ಟುವುದು ಮಹಾ ವಿಜ್ಞಾನದಿಂದ ಅಂದುಕೊಳ್ಳಬೇಡಿ. ಸರ್ವರ್‌ಗಳ ಮುಂಭಾಗಕ್ಕೆ ತಣ್ಣನೆ ಗಾಳಿ ಹೋಗಬೇಕು, ಹಿಂಭಾಗದಿಂದ ಬಿಸಿಗಾಳಿ ಬರುತ್ತದೆ. ಎರಡನ್ನೂ ಬೆರೆಯಲು ಬಿಟ್ಟರೆ ಎಸಿ ಎಷ್ಟು ಓಡಿದರೂ ಸಾಲದು. ಗಂಗೊಳ್ಳಿಯ ಐಸ್ ಪ್ಲಾಂಟಿನವರು ಬಾಗಿಲು ಹಾರುಹೊಡೆದಿಟ್ಟು ಮಂಜುಗಡ್ಡೆ ಮಾಡುತ್ತಾರೆಯೇ? ತಿಂಗಳ ಕೊನೆಗೆ ಮೆಸ್ಕಾಂ ಬಿಲ್ಲು ಬಂದಾಗ ಅವರಿಗೆ ತಲೆ ತಿರುಗುತ್ತದೆ, ಹಾಗಾಗಿ ಮಾಡುವುದಿಲ್ಲ. ಸರ್ವರ್ ಕೋಣೆಗಳಲ್ಲಿ ಮಾತ್ರ ಅದನ್ನೇ ಮಾಡುತ್ತೇವೆ. ಖಾಲಿ ಬಿಟ್ಟ ರ್‍ಯಾಕಿನ ಕಿಂಡಿಗೆ ಒಂದು ತಗಡು ಮುಚ್ಚುವುದಿಲ್ಲ. ಯಂತ್ರದ ಮುಂದಿನ ಗಾಳಿ 27 ಡಿಗ್ರಿವರೆಗೆ ಇರಬಹುದು ಎಂದು ಅಮೆರಿಕದ ಆಶ್ರೇ ಸಂಸ್ಥೆಯ ಮಾರ್ಗಸೂಚಿ ಹೇಳಿ ಎಷ್ಟೋ ವರ್ಷವಾಯಿತು. ನಮ್ಮವರು ರಿಮೋಟ್ ಹಿಡಿದು 18ಕ್ಕೆ ಒತ್ತುವುದು ಬಿಟ್ಟಿಲ್ಲ.

ಲೆಕ್ಕ ಹಾಕಿ ನೋಡಿ. ಸರ್ವರ್‌ಗಳೇ 10 ಮೆಗಾವಾಟ್ ತಿನ್ನುವ ಒಂದು ಕೇಂದ್ರ. ದೊಡ್ಡದೇನಲ್ಲ, ನಡುಗಾತ್ರದ್ದು. ಅದರ ಪಿಯುಇ 1.6 ಇದ್ದದ್ದು 1.3ಕ್ಕೆ ಇಳಿದರೆ ಉಳಿಯುವುದು 3 ಮೆಗಾವಾಟ್. ವರ್ಷಕ್ಕೆ 2.6 ಕೋಟಿ ಯೂನಿಟ್ಟಿಗಿಂತ ಹೆಚ್ಚು. ತಿಂಗಳಿಗೆ 100 ಯೂನಿಟ್ ಬಳಸುವ ಸುಮಾರು 21,900 ಮನೆಗಳಿಗೆ ವರ್ಷವಿಡೀ ಸಾಕಾಗುವ ಕರೆಂಟು. ಮಿತಿಯೊಳಗೆ ಬಳಸಿದರೆ ಕರೆಂಟು ಉಚಿತ ಎಂಬ ಗೃಹಜ್ಯೋತಿ ಬಂದ ಮೇಲೆ ಮನೆಯ ಹೆಂಗಸರು ಮೀಟರಿನ ಅಂಕಿಯ ಮೇಲೆ ಕಣ್ಣಿಟ್ಟು ಫ್ಯಾನು ಆರಿಸುತ್ತಾರೆ. ಈ ಕಟ್ಟಡಗಳ ಮೀಟರಿನ ಮೇಲೆ ಕಣ್ಣಿಟ್ಟವರು ಯಾರು?

ಇನ್ನೊಂದು ಪೋಲು ಪಿಯುಇ ಅಂಕಿಯಲ್ಲಿ ಕಾಣಿಸುವುದೇ ಇಲ್ಲ. 2007ರಲ್ಲಿ ಗೂಗಲ್‌ನ ಬರೋಸೊ ಮತ್ತು ಹೋಲ್ಜ್‌ಲೆ ಎಂಬ ಇಬ್ಬರು ಎಂಜಿನಿಯರುಗಳು ಅಂದಿನ ಸರ್ವರ್‌ಗಳ ಬಗ್ಗೆ ತೋರಿಸಿಕೊಟ್ಟದ್ದಿದು: ಸುಮ್ಮನೆ ಕುಳಿತ ಸರ್ವರ್ ಕೂಡ, ಪೂರ್ತಿ ದುಡಿಯುವಾಗ ತಿನ್ನುವುದರ ಅರ್ಧದಷ್ಟು ಕರೆಂಟು ತಿನ್ನುತ್ತದೆ. 2015ರಲ್ಲಿ ಜೊನಾಥನ್ ಕೂಮಿ ಮತ್ತು ಜಾನ್ ಟೇಲರ್ ತಾವು ಪರೀಕ್ಷಿಸಿದ ಸರ್ವರ್‌ಗಳಲ್ಲಿ ಶೇ 30ರಷ್ಟು ಆರು ತಿಂಗಳಿಂದ ಒಂದು ಉಪಯೋಗದ ಕೆಲಸವನ್ನೂ ಮಾಡಿರಲಿಲ್ಲ ಎಂದರು. ಸತ್ತ ಯಂತ್ರಗಳು, ಆದರೆ ಉಸಿರಾಡುತ್ತಿವೆ.

ಇದೆಲ್ಲ ಬೆಂಗಳೂರಿನ ಕಥೆ ಎಂದು ಊರಿನವರು ನಗಬೇಡಿ. ಕುಂದಾಪುರದ ಒಂದು ಸಹಕಾರಿ ಸಂಘದ ಸರ್ವರ್ ಕೋಣೆಗೆ ನಾನು ಹೋಗಿದ್ದೆ. ಎರಡು ಎಸಿ, ಎರಡೂ 18ರಲ್ಲಿ. ಎಸಿಯ ಗಾಳಿ ನೇರ ಬಡಿಯುವುದು ಹಳೆಯ ಲೆಡ್ಜರುಗಳ ರಾಶಿಗೆ. ಯುಪಿಎಸ್ ಮೇಲೆ ಗಣೇಶನ ಕ್ಯಾಲೆಂಡರು, ಅದರ ಗಾಳಿಕಿಂಡಿ ಅರ್ಧ ಮುಚ್ಚಿದೆ. ಮೂಲೆಯಲ್ಲಿ ಒಂದು ಹಳೆ ಸರ್ವರ್ ಹಸಿರು ದೀಪ ಮಿಣುಕಿಸುತ್ತ ಗುಂಯ್‌ಗುಡುತ್ತಿತ್ತು. ಇದು ಯಾವುದಕ್ಕೆ ಎಂದು ಕೇಳಿದೆ. ಅಲ್ಲಿಯ ಹುಡುಗ ನಕ್ಕು ಹೇಳಿದ: "ಅದ್ ಎಂತಕ್ ಇಪ್ಪುದಂದೇ ಗೊತ್ತಿಲ್ಲೆ ಮಾರಾಯ್ರೆ. ಬಂದ್ ಮಾಡ್ರೆ ಎಂತಾರೂ ಆರೆ?" ಅವನಿಗೆ ಬೈಯಲಿಕ್ಕಾಗದು. ಆರಿಸಿ ಏನಾದರೂ ಕೆಟ್ಟರೆ ಅವನ ತಲೆಗೆ ಬರುತ್ತದೆ, ಉರಿಯುತ್ತಲೇ ಇದ್ದರೆ ಯಾರೂ ಕೇಳುವುದಿಲ್ಲ. ದೊಡ್ಡ ಕೇಂದ್ರಗಳಲ್ಲೂ ಇದೇ ಭಯ ಆಳುತ್ತಿದೆ, ಕೋಟಿಗಟ್ಟಲೆ ರೂಪಾಯಿಯ ಪ್ರಮಾಣದಲ್ಲಿ.

ಸುಧಾರಿಸಲಿಕ್ಕೆ ಆಗುತ್ತದೆಯೇ ಎಂದರೆ, ಆಗಿದೆ. 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ 2010ರಿಂದ 2018ರೊಳಗೆ ಜಗತ್ತಿನ ಡೇಟಾ ಸೆಂಟರ್‌ಗಳ ಕೆಲಸ ಶೇ 550ರಷ್ಟು ಏರಿತು, ಕರೆಂಟಿನ ಬಳಕೆ ಏರಿದ್ದು ಸುಮಾರು ಶೇ 6 ಮಾತ್ರ. ಮನಸ್ಸು ಮಾಡಿದ್ದರಿಂದ ಆದದ್ದು. ಆಮೇಲೆ ಕೃತಕ ಬುದ್ಧಿಮತ್ತೆಯ ಭರಾಟೆ ಬಂತು. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಡೇಟಾ ಸೆಂಟರ್‌ಗಳು ತಿಂದದ್ದು ಜಗತ್ತಿನ ಕರೆಂಟಿನ ಶೇ 1.5ರಷ್ಟು, 2030ಕ್ಕೆ ಅವು ತಿನ್ನುವ ಕರೆಂಟು ದುಪ್ಪಟ್ಟು ದಾಟುತ್ತದೆ. 2025ರ ಅಕ್ಟೋಬರಿನಲ್ಲಿ ವಿಶಾಖಪಟ್ಟಣಕ್ಕೆ ಗೂಗಲ್ ಘೋಷಿಸಿದ ಕೇಂದ್ರ ಗಿಗಾವಾಟ್ ಗಾತ್ರದ್ದು. ಅಂದರೆ 1,000 ಮೆಗಾವಾಟ್. ವಾರಾಹಿಯ ನಾಲ್ಕೂ ಘಟಕ ಒಟ್ಟಿಗೆ ತಿರುಗಿದರೂ ಅದರ ಅರ್ಧ ಆಗದು.

ಈಗ ನಮ್ಮ ಕರಾವಳಿಗೂ 'ಸಿಲಿಕಾನ್ ಬೀಚ್' ಎಂದು ಹೆಸರಿಟ್ಟಾಗಿದೆ. ಮಂಗಳೂರಿಗೆ ಸಮುದ್ರದಡಿಯ ಕೇಬಲ್ ಬರಲಿ, ಡೇಟಾ ಸೆಂಟರ್ ಬರಲಿ ಎಂಬ ಒತ್ತಾಯವಿದೆ. ಬರಲಿ, ನಮ್ಮ ಮಕ್ಕಳಿಗೆ ಊರಲ್ಲೇ ಕೆಲಸ ಸಿಕ್ಕರೆ ಯಾರಿಗೆ ಬೇಡ? (ಕಟ್ಟಿ ಮುಗಿದ ಮೇಲೆ ಇಂಥ ಕೇಂದ್ರದಲ್ಲಿ ದುಡಿಯುವವರು ಎಷ್ಟು ಕಡಿಮೆ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ.) ಆದರೆ ನಮ್ಮ ಹವೆ ಬೆಂಗಳೂರಿನದ್ದಲ್ಲ. ಅಲ್ಲಿ ರಾತ್ರಿಯ ತಂಪುಗಾಳಿಯನ್ನೇ ಶೋಧಿಸಿ ಒಳಬಿಟ್ಟು ವರ್ಷದ ಎಷ್ಟೋ ಗಂಟೆ ಎಸಿ ಆರಿಸಬಹುದು. ಇಲ್ಲಿ ಗಾಳಿಯ ತುಂಬ ನೀರು, ನೀರಿನ ಜತೆಗೆ ಉಪ್ಪು. ಮನೆಯ ಗೇಟೇ ತುಕ್ಕು ಹಿಡಿಯುವ ಕಡೆ ಸರ್ಕ್ಯೂಟ್ ಬೋರ್ಡಿನ ಪಾಡೇನು? ಹಾಗಾಗಿ ಇಲ್ಲಿ ತಂಪಿನ ಖರ್ಚು ಹೆಚ್ಚು. ನೀರು ಆವಿ ಮಾಡಿ ತಂಪು ಮಾಡುತ್ತೇವೆ ಎಂದರೆ ಆ ಸಿಹಿನೀರು ಎಲ್ಲಿಂದ? ಸೌಪರ್ಣಿಕೆಗೆ ಬಂಟ್ವಾಡಿಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ತಡವಾದರೆ ಮೇಲಿನ ಗದ್ದೆಗಳಿಗೆ ಉಪ್ಪುನೀರು ನುಗ್ಗುತ್ತದೆ. ಬೈಂದೂರಿನ ಕಡಲಬದಿಯ ಬಾವಿಗಳ ಏಪ್ರಿಲ್ ತಿಂಗಳ ನೀರಿನ ರುಚಿ ನೋಡಿದವರಿಗೆ ಹೇಳಬೇಕಾದ್ದಿಲ್ಲ. ವಾರಾಹಿಯ ನೀರು ಟರ್ಬೈನ್ ತಿರುಗಿಸಿದ ಮೇಲೂ ನೀರಾಗಿಯೇ ಇರುತ್ತದೆ. ಕಾಲುವೆಗೆ ಹೋಗುತ್ತದೆ, ಭರತ್ಕಲ್‌ನಿಂದ ಉಡುಪಿಗೆ ಕುಡಿಯಲು ಒಯ್ಯುವ ಯೋಜನೆಗೂ ಅದೇ ನೀರು. ಕೂಲಿಂಗ್ ಟವರಿನಿಂದ ಆವಿಯಾಗಿ ಹೋದದ್ದು ಯಾರ ಕೊಡಕ್ಕೂ ಇಲ್ಲ.

ಕರೆಂಟು ಸಾಲದು ಎಂಬ ಮಾತು ಬಂದಾಗಲೆಲ್ಲ ಬೆರಳು ತಿರುಗುವುದು ಪಶ್ಚಿಮಘಟ್ಟದ ಕಡೆಗೆ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ ಕಟ್ಟುತ್ತೇವೆ ಎನ್ನುತ್ತಾರೆ. ಅದೇ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮನೆ, ಜಮೀನು ಮುಳುಗಿದವರಲ್ಲಿ ಎಷ್ಟೋ ಕುಟುಂಬ ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ನಮ್ಮದೇ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ ಆಮದು ಕಲ್ಲಿದ್ದಲು ಸುಡುವ 1,200 ಮೆಗಾವಾಟಿನ ಸ್ಥಾವರದ ಬೂದಿಯ ಬಗ್ಗೆ, ಕೆಟ್ಟ ಬೆಳೆಯ ಬಗ್ಗೆ ಜನ ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಅಲ್ಲಿಂದ ಕಾಸರಗೋಡಿಗೆ ಎಳೆಯುವ 400 ಕೆ.ವಿ. ತಂತಿ ತೋಟದ ಮೇಲೆ ಹಾದುಹೋಗುವುದಕ್ಕೂ ವಿರೋಧವಿದೆ. ಪೋಲು ನಿಲ್ಲಿಸದೆ ಇನ್ನೊಂದು ಕಣಿವೆ ಕೇಳುವುದಕ್ಕೆ ನಾಚಿಕೆ ಆಗಬೇಡವೇ?

ಒಂದೊಂದು ವಾಟ್ ಎಣಿಸಿ ಬದುಕುವುದು ನಮ್ಮ ನೆಲಕ್ಕೆ ಹೊಸದಲ್ಲ. ಹೊಸಂಗಡಿಯಿಂದ ಹೆಚ್ಚೇನೂ ದೂರವಿಲ್ಲದ ಅಮಾಸೆಬೈಲಿನಲ್ಲಿ ಎ.ಜಿ. ಕೊಡ್ಗಿಯವರ ಮುಂದಾಳತ್ವದ ಟ್ರಸ್ಟು ಸೆಲ್ಕೋ ಕಂಪನಿಯ ಜತೆ ಸೇರಿ ಮನೆಮನೆಗೆ ಸೋಲಾರ್ ದೀಪ ಹಾಕಿಸಿತು. ಸೆಲ್ಕೋ ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆ ಕೋಟದ ಬಳಿಯ ಹಂದಟ್ಟು ಮೂಲದವರು, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಸೋಲಾರ್ ಹಾಕುವವರು ಮೊದಲು ಕೇಳುವುದು "ನಿಮಗೆ ಎಷ್ಟು ದೀಪ, ಎಷ್ಟು ಹೊತ್ತು ಬೇಕು" ಎಂದು. ಆಮೇಲೆ ಫಲಕದ ಗಾತ್ರ. ಡೇಟಾ ಸೆಂಟರ್‌ಗಳಲ್ಲಿ ಮೊದಲು ದೊಡ್ಡ ಸಂಪರ್ಕ ಪಡೆಯುತ್ತಾರೆ, ಬೇಕಾದದ್ದೆಷ್ಟು ಎಂಬ ಪ್ರಶ್ನೆ ಕೊನೆಗೆ ಬಂದರೆ ಬಂತು.

ಬೆಂಗಳೂರಿನ ಕಂಪನಿಗಳಲ್ಲಿ ಕುಳಿತ ಊರಿನ ಮಕ್ಕಳೇ, ನಿಮಗೆ ಹೇಳುವುದಿದೆ. ಆ ಕೋಣೆಗಳ ಬೀಗದ ಕೈ ನಿಮ್ಮಲ್ಲಿದೆ. ಆರು ತಿಂಗಳಿಂದ ಯಾರೂ ಮುಟ್ಟದ ಸರ್ವರ್‌ಗಳ ಪಟ್ಟಿ ಮಾಡಿ ಮ್ಯಾನೇಜರನ ಮೇಜಿಗೆ ಇಡಿ. ಎಸಿಯನ್ನು ಒಂದೇ ಸಲ ಬೇಡ, ಒಂದೊಂದು ಡಿಗ್ರಿ ಏರಿಸಿ, ಸರ್ವರ್‌ಗಳ ಬಿಸಿ ಅಳೆದು ತೋರಿಸಿ. ಕೋಡ್ ಬರೆಯುವವರು ದಿನಕ್ಕೊಮ್ಮೆ ಸಾಕಾಗುವ ಕೆಲಸವನ್ನು ನಿಮಿಷಕ್ಕೊಮ್ಮೆ ಓಡಿಸುವುದನ್ನು ಬಿಡಿ. ಸಹಕಾರಿ ಸಂಘಗಳ, ಕಾಲೇಜುಗಳ ಆಡಳಿತದವರೇ, ಒಬ್ಬೊಬ್ಬರು ಒಂದೊಂದು ಸರ್ವರ್ ಕೋಣೆ ಕಟ್ಟಿ ಕಾಯುವ ಬದಲು ಹತ್ತು ಸಂಸ್ಥೆ ಸೇರಿ ಒಂದು ಒಳ್ಳೆಯ ಕೇಂದ್ರದಲ್ಲಿ ಜಾಗ ಹಿಡಿಯಿರಿ.

ಶಾಸಕರಿಗೆ, ಸಂಸದರಿಗೆ: ರಾಜ್ಯದಲ್ಲಿ 2022-27ರ ಡೇಟಾ ಸೆಂಟರ್ ನೀತಿ ಇದೆ, ಅದರಲ್ಲಿ ರಿಯಾಯಿತಿಗಳಿವೆ. ಜನರ ಹಣದ ರಿಯಾಯಿತಿಗೆ ಜನರಿಗೆ ಲೆಕ್ಕ ಕೊಡುವ ಷರತ್ತು ಹಾಕಿ. ಯುರೋಪಿನ ಒಕ್ಕೂಟ 500 ಕಿಲೋವಾಟ್ ಮತ್ತು ಅದಕ್ಕಿಂತ ದೊಡ್ಡ ಕೇಂದ್ರಗಳು ಕರೆಂಟು ಮತ್ತು ನೀರಿನ ವಾರ್ಷಿಕ ಲೆಕ್ಕ ಒಪ್ಪಿಸಬೇಕೆಂದು 2023ರಲ್ಲಿ ನಿಯಮ ಮಾಡಿತು. ಅದೇ ವರ್ಷ ಜರ್ಮನಿ ಮಾಡಿದ ಕಾಯ್ದೆಯಲ್ಲಿ 2026ರ ಜುಲೈಯಿಂದ ಶುರುವಾಗುವ ಕೇಂದ್ರಗಳ ಪಿಯುಇ 1.2 ಮೀರಬಾರದು, ಶಾಖದ ಒಂದು ಪಾಲು ಮರುಬಳಕೆ ಆಗಬೇಕು ಎಂದಿದೆ. ಅವರು ಆ ಶಾಖದಿಂದ ಮನೆ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ನಮಗೆ ಬೆಚ್ಚಗಾಗುವ ಅಗತ್ಯವಿಲ್ಲ, ಮಳೆಗಾಲದಲ್ಲಿ ಮೀನು, ಅಡಿಕೆ ಒಣಗಿಸಲಿಕ್ಕೆ ಕೊಟ್ಟರೂ ಆದೀತು. ನಗಬೇಡಿ, ಯಾರಾದರೂ ಎಂಜಿನಿಯರ್ ಕುಳಿತು ಲೆಕ್ಕ ಹಾಕಲಿ.

ಕೋಟದ ಶಿವರಾಮ ಕಾರಂತರು ಎಂಬತ್ತೇಳರ ಹರೆಯದಲ್ಲಿ, 1989ರಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಸೋತರು. ನಾನು ನಿಮ್ಮನ್ನು ಚುನಾವಣೆಗೆ ನಿಲ್ಲಿ ಎನ್ನುತ್ತಿಲ್ಲ. ಪ್ರತಿ ವರ್ಷ ಆಸಾಡಿ ಅಮಾಸಿಗೆ ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುತ್ತೇವೆ. ಬೆಂಗಳೂರಿನಲ್ಲಿ ಸಾವಿರಾರು ಮಂದಿ ಸೇರುತ್ತೇವೆ, ಕೋಳಿ ಸುಕ್ಕ ತಿನ್ನುತ್ತೇವೆ, ಮಂತ್ರಿಗಳಿಗೆ ಶಾಲು ಹೊದೆಸುತ್ತೇವೆ. ಮುಂದಿನ ಸಲ ಶಾಲಿನ ಜತೆ ಒಂದು ಮನವಿಯನ್ನೂ ಕೈಗಿಡೋಣ: ಕರ್ನಾಟಕದಲ್ಲಿರುವ, ಮುಂದೆ ಬರುವ ಪ್ರತಿ ಡೇಟಾ ಸೆಂಟರ್ ತಾನು ಬಳಸಿದ ಕರೆಂಟು, ನೀರು ಮತ್ತು ತನ್ನ ಪಿಯುಇ ಅಂಕಿಯನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕು. ಕರಾವಳಿಯಲ್ಲಿ ಜಾಗ ಕೇಳುವವರು ಅದನ್ನು ಮೊದಲು ಆ ಊರಿನ ಗ್ರಾಮಸಭೆಯಲ್ಲಿ ಓದಬೇಕು. ಮನವಿ ಬರೆಯಲು ಎಂಜಿನಿಯರುಗಳು ಬೇಕು, ವಕೀಲರು ಬೇಕು, ಸಹಿ ಹಾಕಲು ಉಳಿದವರೆಲ್ಲ ಬೇಕು.