ಕೊಂಡವನು ಒಡೆಯನೋ, ಬಾಡಿಗೆದಾರನೋ?

ನೀರು ಕಾಯಿಸಲು ವಿದ್ಯುತ್ತು ಬೇಕು, ಒಂದು ಗುಂಡಿ ಬೇಕು. ಈ ಪಟ್ಟಿಗೆ ಈಗ ಅಂತರ್ಜಾಲವೂ ಸೇರಿದೆ. ನಮ್ಮ ಮನೆಯ ಹೊಸ ಗೀಸರ್‌ಗೆ ಹೊತ್ತು ನಿಗದಿಪಡಿಸಬೇಕಾದರೆ ಮೊಬೈಲಿನಲ್ಲಿ ಆ್ಯಪ್ ಅಳವಡಿಸಿ, ಖಾತೆ ತೆರೆದು, ವೈ-ಫೈ ಸಂಪರ್ಕ ಕಲ್ಪಿಸಬೇಕು. ಮಾರುದೂರದಲ್ಲಿ ನಿಂತು ನಾನು ಕೊಟ್ಟ ಆದೇಶವು ಎಲ್ಲಿಯೋ ಇರುವ ಸರ್ವರನ್ನು ಸುತ್ತಿ ಬಂದ ಮೇಲೆಯೇ ಗೋಡೆಯ ಮೇಲಿನ ಯಂತ್ರವನ್ನು ತಲುಪುತ್ತದೆ. ಹಳೆಯ ಗೀಸರ್‌ನ ಟೈಮರ್‌ಗೆ ಇಂಥ ಹಂಗಿರಲಿಲ್ಲ.

ವಯಸ್ಸಾದವರ ಗೊಣಗಾಟವೆಂದು ಇದನ್ನು ತಳ್ಳಿಹಾಕುವಂತಿಲ್ಲ. 2025ರ ಅಕ್ಟೋಬರ್ 20ರಂದು ಅಮೆಜಾನ್ ವೆಬ್ ಸರ್ವಿಸಸ್‌ನ ವ್ಯವಸ್ಥೆ ಕೆಟ್ಟಾಗ, ಅಮೆರಿಕದಲ್ಲಿ ಏಟ್ ಸ್ಲೀಪ್ ಕಂಪನಿಯ ದುಬಾರಿ ಹಾಸಿಗೆಗಳ ತಾಪ ನಿಯಂತ್ರಣವೇ ಕೈಕೊಟ್ಟಿತು. ಕೆಲವೇ ದಿನಗಳಲ್ಲಿ ಕಂಪನಿಯು ಬ್ಲೂಟೂತ್ ಮೂಲಕ ಹಾಸಿಗೆಯನ್ನು ನಿಯಂತ್ರಿಸುವ ವ್ಯವಸ್ಥೆ ಒದಗಿಸಿತು. ಅಂದರೆ, ಆ ಕೆಲಸಕ್ಕೆ ಅಂತರ್ಜಾಲ ಅನಿವಾರ್ಯವಾಗಿರಲಿಲ್ಲ. ಇನ್ನು ರಿವಾಲ್ವ್ ಎಂಬ ಗೃಹ ನಿಯಂತ್ರಣ ಸಾಧನದ ಗತಿ ನೋಡಿ. ಸುಮಾರು 300 ಡಾಲರ್‌ಗೆ, ಆಜೀವ ಸೇವೆಯ ಭರವಸೆಯೊಂದಿಗೆ ಮಾರಲಾಗಿತ್ತು. ಕಂಪನಿಯನ್ನು ಖರೀದಿಸಿದ ನೆಸ್ಟ್ ಸಂಸ್ಥೆ 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿತು. ಸುಸ್ಥಿತಿಯಲ್ಲಿದ್ದ ಸಾಧನಗಳು ನಿರುಪಯುಕ್ತವಾದವು.

ತಂತ್ರಾಂಶದ ಕತೆಯೂ ಇದೇ. ಅಡೋಬಿ ಕಂಪನಿಯು 2013ರಲ್ಲಿ ತನ್ನ ಮುಂದಿನ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದು ಘೋಷಿಸಿತು. 2021ರಲ್ಲಿ ಬಂದ ವಿಂಡೋಸ್ 11ರ ಹೋಮ್ ಆವೃತ್ತಿಯು ಮೊದಲ ಬಳಕೆಗೇ ಅಂತರ್ಜಾಲವನ್ನೂ ಮೈಕ್ರೊಸಾಫ್ಟ್ ಖಾತೆಯನ್ನೂ ಕಡ್ಡಾಯಗೊಳಿಸಿತು. ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ಮಲೆನಾಡಿನ ಹಳ್ಳಿಗಳಲ್ಲಿ ಇಂಥ ಷರತ್ತು ಎಷ್ಟು ದುಬಾರಿ ಎಂಬುದನ್ನು ವಿವರಿಸಬೇಕಿಲ್ಲ.

ಅಂತರ್ಜಾಲದಿಂದ ಪ್ರಯೋಜನವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಭದ್ರತಾ ಪರಿಷ್ಕರಣೆಗೆ, ಊರಿನಾಚೆಯಿಂದ ಮನೆಯ ಯಂತ್ರ ನಿಯಂತ್ರಿಸಲು ಅದು ಬೇಕು. ಆದರೆ ಸೌಲಭ್ಯ ಬೇರೆ, ಷರತ್ತು ಬೇರೆ. ಸದಾ ಸಂಪರ್ಕದಲ್ಲಿರುವ ಉತ್ಪನ್ನದಿಂದ ತಯಾರಕನಿಗೆ ಗ್ರಾಹಕನ ಮಾಹಿತಿ ದೊರೆಯುತ್ತದೆ, ಚಂದಾ ವಸೂಲಿಗೆ ದಾರಿಯಾಗುತ್ತದೆ. ಸಂಪರ್ಕ ಕಡಿದಾಗಿನ ನಷ್ಟ ಮಾತ್ರ ಪೂರ್ತಿ ಗ್ರಾಹಕನದು. ಅಂಗಡಿಯಲ್ಲಿ ಹಣ ತೆರುವಾಗ ಈ ಅಪಾಯ ಅವನ ಕಣ್ಣಿಗೆ ಬೀಳುವುದಿಲ್ಲ. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ತೋರಿಸಿಕೊಟ್ಟಿದ್ದಾರೆ.

ಪರಿಹಾರಕ್ಕೆ ಹೊಸ ಇಲಾಖೆಯೇನೂ ಬೇಕಿಲ್ಲ. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ, ನಿವ್ವಳ ಪ್ರಮಾಣ, ತಯಾರಕರ ವಿಳಾಸ ನಮೂದಿಸಬೇಕೆಂಬ ಕಾನೂನು ಮಾಪನಶಾಸ್ತ್ರ ನಿಯಮಗಳು 2011ರಿಂದ ಜಾರಿಯಲ್ಲಿವೆ. ಅವಕ್ಕೆ ಎರಡು ಸಾಲು ಸೇರಿಸಿದರಾಯಿತು: ಅಂತರ್ಜಾಲವಿಲ್ಲದೆ ಈ ಉತ್ಪನ್ನದ ಯಾವ ಕೆಲಸಗಳು ನಡೆಯುತ್ತವೆ, ಸರ್ವರ್ ಸೇವೆ ಯಾವ ವರ್ಷದವರೆಗೆ ಖಾತರಿ. ಇದು ಅಸಾಧ್ಯವಾದ ಬೇಡಿಕೆಯಲ್ಲ. ಸಂಪರ್ಕಿತ ಸಾಧನಗಳಿಗೆ ಕನಿಷ್ಠ ಎಷ್ಟು ಕಾಲ ಭದ್ರತಾ ಪರಿಷ್ಕರಣೆ ದೊರೆಯುತ್ತದೆಂದು ತಯಾರಕರು ಪ್ರಕಟಿಸಲೇಬೇಕೆಂಬ ನಿಯಮ ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಂದು ಜಾರಿಗೆ ಬಂದಿದೆ.

ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಯಂತ್ರದ ಮೂಲ ಕೆಲಸ ಅಂತರ್ಜಾಲವಿಲ್ಲದೆಯೂ ನಡೆಯಬೇಕೆಂಬುದನ್ನು ಗುಣಮಟ್ಟದ ಮಾನದಂಡವಾಗಿಸಬೇಕು. ಪೂರ್ತಿ ಬೆಲೆ ತೆತ್ತ ಮೇಲೂ ತಯಾರಕನ ಮರ್ಜಿಯಲ್ಲಿ ಬಳಸಬೇಕಾದ ವಸ್ತುವನ್ನು ಮಾರಾಟವೆಂದು ಕರೆಯಲು ಕಾನೂನು ಅವಕಾಶ ಕೊಡಬಾರದು.